ಟೇಕ್ ಮಧ್ಯೆ ‘ಚಟ್’ ಅಂದರೆ: ರೆಕಾರ್ಡಿಂಗ್ ಕಂಪ್ಯೂಟರಿನ ಪ್ರೊಸೆಸರ್ ಹದಕ್ಕೆ ತರುವುದು ಹೇಗೆ

ಹೋದ ವರ್ಷ ಏಪ್ರಿಲ್ ತಿಂಗಳು. ಗುಬ್ಬಿ ಕಡೆಯ ಒಂದು ಹಳ್ಳಿಯಿಂದ ಪೌರಾಣಿಕ ನಾಟಕದ ತಂಡ ನಮ್ಮ ರೂಮಿಗೆ ಬಂದಿತ್ತು. ದುರ್ಯೋಧನನ ಪಾತ್ರ ಮಾಡುವವರಿಗೆ ಅರವತ್ತು ದಾಟಿದೆ. ತೆಂಗಿನ ತೋಟ, ನಾಲ್ಕು ಎಮ್ಮೆ, ಮೈಕೇ ಬೇಡದಂಥ ಗಂಟಲು. ಒಂದೇ ಉಸಿರಿನಲ್ಲಿ ಕಂದಪದ್ಯ ಎತ್ತಿ, ಕೊನೆಯ ಸಾಲಿನಲ್ಲಿ ತಾರ ಷಡ್ಜಕ್ಕೆ ಹೋಗಿ ನಿಂತರು. ಅಷ್ಟರಲ್ಲಿ ಹೆಡ್‌ಫೋನಿನಲ್ಲಿ ‘ಚಟ್’ ಅಂತು. ಇನ್ನೊಂದು ಸಲ ಹಾಡಿಸಿದೆ. ಮತ್ತೆ ‘ಚಟ್ ಚಟ್’. ಮೂರನೇ ಸಲಕ್ಕೆ ಅವರ ಗಂಟಲು ಕೂತಿತು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, “ಅಲ್ಲ ಕಣಪ್ಪಾ, ನಿನ್ನ ಮಿಷಿನ್‌ಗೆ ಕೆಮ್ಮು ಹತ್ತೈತೆ. ಮೊದ್ಲು ಅದಕ್ಕೆ ಕಷಾಯ ಕುಡ್ಸು, ಆಮೇಲೆ ನಾನ್ ಹಾಡ್ತೀನಿ” ಅಂದರು. ತಂಡದವರೆಲ್ಲ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ನಾನು ಕ್ಯಾತ್ಸಂದ್ರದಲ್ಲಿ ಮನೆ ಮಹಡಿ ಮೇಲಿನ ಹತ್ತಕ್ಕೆ ಹನ್ನೆರಡರ ರೂಮಿನಲ್ಲಿ ರೆಕಾರ್ಡಿಂಗ್ ಮಾಡುತ್ತೇನೆ. ಭಜನೆ, ತತ್ವಪದ, ನಾಟಕದ ಪದ್ಯ, ಜಾತ್ರೆ ಸಮಯದಲ್ಲಿ ಆಟೋದಲ್ಲಿ ಹಾಕುವ ಪ್ರಚಾರ, ಯಾವುದು ಬಂದರೂ ಸರಿ. ರೈಲು ಹೋದರೆ ಟೇಕ್ ನಿಲ್ಲಿಸುತ್ತೇವೆ. ಹೈವೇಯಲ್ಲಿ ಲಾರಿ ಹಾರ್ನ್ ಹೊಡೆದರೂ ನಿಲ್ಲಿಸುತ್ತೇವೆ. ಅದಕ್ಕೆಲ್ಲ ಒಗ್ಗಿಹೋಗಿದ್ದೇನೆ. ಆದರೆ ಕಂಪ್ಯೂಟರ್ ಒಳಗಿನಿಂದಲೇ ಬರುವ ಸದ್ದಿಗೆ ಏನು ಮಾಡೋದು?

ಮಿಷಿನ್ ಕಳಪೆಯದೇನೂ ಅಲ್ಲ. ಇಂಟೆಲ್ ಐ5-10400, ಆರು ಕೋರ್ (ಪ್ರೊಸೆಸರ್ ಒಳಗೆ ಆರು ಆಳುಗಳಿದ್ದ ಹಾಗೆ), 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ. ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದರೆ ಸಿಪಿಯು 28 ಪರ್ಸೆಂಟ್ ಅಂತ ತೋರಿಸುತ್ತಿತ್ತು. ಮುಕ್ಕಾಲು ಪಾಲು ಸುಮ್ನೆ ಕೂತಿರುವ ಪ್ರೊಸೆಸರ್ ಯಾಕೆ ಕೆಮ್ಮಬೇಕು? ಅಂಗಡಿಯವರೊಬ್ಬರು “ಐ7 ಹಾಕ್ಸಿ ಸಾರ್” ಅಂದರು. ಹಾಕಿಸಲಿಲ್ಲ. ಅದೇ ಐ5 ಇವತ್ತಿಗೂ ಓಡುತ್ತಿದೆ, ಚಟ್ ಅನ್ನದೆ. ಏನೇನು ಮಾಡಿದೆ, ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಅಂತ ಬರೆಯುತ್ತಿದ್ದೇನೆ. ನಾನು ಬಳಸೋದು ವಿಂಡೋಸ್ ಮತ್ತು ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್. ನಿಮ್ಮ ಹತ್ತಿರ ಕ್ಯೂಬೇಸ್, ಎಫ್‌ಎಲ್ ಸ್ಟುಡಿಯೋ ಇದ್ದರೂ ಹೆಚ್ಚಿನದು ಹಾಗೇ ಹೊಂದುತ್ತದೆ.

ಬಾಂಡ್ಲಿ ಲೆಕ್ಕ

ಮನೆಗೆ ಮೋಲ್ಡ್ ಹಾಕುವ ದಿನ ನೋಡಿದ್ದೀರಲ್ವಾ? ಈಗ ಲಿಫ್ಟ್ ಬಂದಿದೆ. ನಮ್ಮ ಮನೆ ಕಟ್ಟಿಸುವಾಗ ಕಾಂಕ್ರೀಟನ್ನು ಬಾಂಡ್ಲಿಗೆ ತುಂಬಿ ಕೈಯಿಂದ ಕೈಗೆ ಮೇಲಕ್ಕೆ ಸಾಗಿಸುತ್ತಿದ್ದರು. ಸಾಲಿನಲ್ಲಿ ಎಷ್ಟು ಗಟ್ಟಿ ಆಳುಗಳಿದ್ದಾರೆ ಅನ್ನೋದು ಅಲ್ಲಿ ಮುಖ್ಯ ಅಲ್ಲ. ಬಾಂಡ್ಲಿ ಬಂದ ಕ್ಷಣದಲ್ಲಿ ಕೈ ಚಾಚಿ ನಿಂತಿರಬೇಕು, ಅಷ್ಟೇ. ಒಬ್ಬ ನೀರು ಕುಡಿಯಲು ಬಗ್ಗಿದರೂ ಮೇಲೆ ಸುರಿಯುವವನ ಕೈ ಖಾಲಿ.

ಹಾಡೂ ಕಂಪ್ಯೂಟರಿನೊಳಗೆ ಬಾಂಡ್ಲಿಯಲ್ಲೇ ಸಾಗುತ್ತದೆ. ಅದಕ್ಕೆ ಬಫರ್ ಅಂತ ಹೆಸರು. 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿದರೆ ಒಂದು ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಸದ್ದನ್ನು ಅಷ್ಟು ಸಲ ಅಳೆದ ಹಾಗೆ. ಬಫರ್ 256 ಇಟ್ಟರೆ ಒಂದು ಬಾಂಡ್ಲಿಯಲ್ಲಿ 256 ಸ್ಯಾಂಪಲ್, ಅಂದರೆ 5.3 ಮಿಲಿಸೆಕೆಂಡಿನ ಹಾಡು. ಪ್ರತಿ 5.3 ಮಿಲಿಸೆಕೆಂಡಿಗೊಮ್ಮೆ ತುಂಬಿದ ಬಾಂಡ್ಲಿ ಇಂಟರ್‌ಫೇಸ್ (ಮೈಕ್, ಹೆಡ್‌ಫೋನನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಕೈಗೆ ಸಿಗಲೇಬೇಕು. 128ಕ್ಕೆ ಇಳಿಸಿದರೆ 2.7 ಮಿಲಿಸೆಕೆಂಡ್. 64ಕ್ಕೆ ಇಳಿಸಿದರೆ 1.3. ಸಿಗದಿದ್ದರೆ ಅಲ್ಲೊಂದು ತೂತು. ಆ ತೂತೇ ‘ಚಟ್’.

ಟಾಸ್ಕ್ ಮ್ಯಾನೇಜರಿನ 28 ಪರ್ಸೆಂಟ್ ನನಗೆ ಮೋಸ ಮಾಡಿದ್ದು ಇಲ್ಲೇ. ಅದು ಎಲ್ಲ ಕೋರ್‌ಗಳನ್ನೂ ಸೇರಿಸಿದ ಸರಾಸರಿ, ಅದೂ ಒಂದು ಸೆಕೆಂಡಿನ ಆಸುಪಾಸಿನದು. ಆ ಒಂದು ಸೆಕೆಂಡಿನಲ್ಲಿ 187 ಬಾಂಡ್ಲಿ ಹೋಗಿರುತ್ತವೆ. ಅದರಲ್ಲಿ ಒಂದು ತಡವಾಗಿದ್ದರೆ ಸರಾಸರಿಯಲ್ಲಿ ಕಾಣುತ್ತಾ? ಕಾಣಲ್ಲ. ಕಿವಿಗೆ ಕೇಳುತ್ತದೆ.

ಹಾಗಾಗಿ ಪ್ರೊಸೆಸರ್ ವೇಗ ಹೆಚ್ಚಿಸೋದು ಹೇಗೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಅದು ಯಾವಾಗ ತೂಕಡಿಸುತ್ತದೆ, ಯಾರು ಅದನ್ನು ಮಧ್ಯದಲ್ಲಿ ಬೇರೆ ಕೆಲಸಕ್ಕೆ ಕರೆಯುತ್ತಾರೆ ಅಂತ ಹುಡುಕಿ.

ಏನೂ ತಿರುಗಿಸುವ ಮುಂಚೆ

ಇಂಟರ್‌ಫೇಸ್ ಕಂಪನಿಯೇ ಕೊಟ್ಟ ಏಸಿಯೋ ಡ್ರೈವರ್ ಹಾಕಿದ್ದೀರಾ ನೋಡಿ. ಡ್ರೈವರ್ ಅಂದರೆ ಒಂದು ಉಪಕರಣವನ್ನು ನಡೆಸುವ ಕಿರು ಪ್ರೋಗ್ರಾಂ. ರೀಪರ್‌ನಲ್ಲಿ ಆಪ್ಷನ್ಸ್, ಪ್ರಿಫರೆನ್ಸಸ್, ಆಡಿಯೋ, ಡಿವೈಸ್ ಅಂತ ಹೋದರೆ ಮೇಲೇ ಕಾಣುತ್ತದೆ. ಏಸಿಯೋ ಮಾಡಿದ್ದು ಕ್ಯೂಬೇಸ್‌ನ ಸ್ಟೈನ್‌ಬರ್ಗ್ ಕಂಪನಿ, 1997ರಲ್ಲಿ. ವಿಂಡೋಸ್‌ನ ಧ್ವನಿ ಮಿಕ್ಸರ್ ದಾರಿ ಬಿಟ್ಟು ಸೀದಾ ಇಂಟರ್‌ಫೇಸ್ ಜೊತೆ ಮಾತಾಡಲಿ ಅಂತಲೇ ಅದನ್ನು ಮಾಡಿದ್ದು. ಅಲ್ಲಿ ಡೈರೆಕ್ಟ್‌ಸೌಂಡ್ ಅಥವಾ ವೇವ್‌ಔಟ್ ಅಂತ ಇದ್ದರೆ ಇಲ್ಲಿಗೇ ನಿಲ್ಲಿಸಿ, ಮೊದಲು ಅದನ್ನು ಬದಲಿಸಿ. ಎಷ್ಟೋ ಜನರ ತೊಂದರೆ ಇಲ್ಲೇ ಮುಗಿಯುತ್ತದೆ.

ಆಮೇಲೆ ರೀಪರ್‌ನ ವ್ಯೂ ಮೆನುವಿನಲ್ಲಿ ಪರ್ಫಾರ್ಮೆನ್ಸ್ ಮೀಟರ್ ತೆಗೆಯಿರಿ. ಅದರಲ್ಲಿ ‘ಆರ್‌ಟಿ ಸಿಪಿಯು’ ಅಂತ ಒಂದು ಅಂಕಿ ಇದೆ. ಬಾಂಡ್ಲಿ ತುಂಬಲು ಇರುವ ಸಮಯದಲ್ಲಿ ಎಷ್ಟು ಪಾಲು ಖರ್ಚಾಗುತ್ತಿದೆ ಅನ್ನೋದನ್ನು ಅದು ಹೇಳುತ್ತದೆ. ನಮಗೆ ಬೇಕಾದ ಅಂಕಿ ಇದು. ಪಕ್ಕದಲ್ಲೇ ‘ಎಕ್ಸ್‌ರನ್’ ಎಣಿಕೆ ಇರುತ್ತದೆ. ಅದು ಎಷ್ಟು ಸಲ ಬಾಂಡ್ಲಿ ತಪ್ಪಿತು ಅನ್ನುವ ಲೆಕ್ಕ. ಸೆಟ್ಟಿಂಗ್ ಬದಲಿಸುವ ಮುಂಚೆ ಹತ್ತು ನಿಮಿಷ ಓಡಿಸಿ ಈ ಎರಡೂ ಅಂಕಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನಾನು ಬರೆದುಕೊಳ್ಳದೆ ಒಂದೇ ರಾತ್ರಿ ಎಂಟು ಸೆಟ್ಟಿಂಗ್ ತಿರುಗಿಸಿದೆ. ಬೆಳಗ್ಗೆ ಎದ್ದು ನೋಡಿದರೆ ಯಾವುದರಿಂದ ಒಳ್ಳೆಯದಾಯಿತು, ಯಾವುದರಿಂದ ಕೆಟ್ಟಿತು ಅಂತಲೇ ತಿಳಿಯಲಿಲ್ಲ. ಎಲ್ಲವನ್ನೂ ವಾಪಸ್ ಹಾಕಿ ಮೊದಲಿನಿಂದ ಶುರು ಮಾಡಬೇಕಾಯಿತು. ಒಂದು ಬದಲಿಸಿ, ಓಡಿಸಿ, ಬರೆಯಿರಿ. ಆಮೇಲೆ ಇನ್ನೊಂದು.

ತೂಕಡಿಕೆ ಬಿಡಿಸೋದು

ವಿಂಡೋಸ್ ಮಾಮೂಲಾಗಿ ‘ಬ್ಯಾಲೆನ್ಸ್ಡ್’ ಪವರ್ ಪ್ಲಾನ್‌ನಲ್ಲಿ ಬರುತ್ತದೆ. ಕರೆಂಟ್ ಉಳಿಸೋದು ಅದರ ಗುರಿ. ಕೆಲಸ ಕಡಿಮೆ ಕಂಡ ಕೂಡಲೇ ಪ್ರೊಸೆಸರ್ ವೇಗ ಇಳಿಸುತ್ತದೆ. ನನ್ನದು 4 ಗಿಗಾಹರ್ಟ್ಸ್ ಓಡಬಲ್ಲದ್ದು, 800 ಮೆಗಾಹರ್ಟ್ಸ್‌ಗೆ ಇಳಿದು ಕೂತಿರುತ್ತಿತ್ತು. ಹಾಡಿನ ಕೆಲಸದ ಸ್ವಭಾವ ನೋಡಿ: ಒಂದು ಮಿಲಿಸೆಕೆಂಡ್ ಜೋರು ಕೆಲಸ, ನಾಲ್ಕು ಮಿಲಿಸೆಕೆಂಡ್ ಬಿಡುವು, ಮತ್ತೆ ಜೋರು. ವಿಂಡೋಸ್‌ಗೆ ಇದು ‘ಕೆಲಸ ಇಲ್ಲ’ ಅಂತಲೇ ಕಾಣುತ್ತದೆ. ಸಾಲಿನಲ್ಲಿ ನಿಂತ ಆಳು ಎರಡು ಬಾಂಡ್ಲಿ ನಡುವೆ ನೆರಳಿಗೆ ಹೋಗಿ ಕೂತ ಹಾಗೆ.

ಕಂಟ್ರೋಲ್ ಪ್ಯಾನಲ್‌ಗೆ ಹೋಗಿ ಪವರ್ ಆಪ್ಷನ್ಸ್ ತೆಗೆಯಿರಿ. ‘ಹೈ ಪರ್ಫಾರ್ಮೆನ್ಸ್’ ಆರಿಸಿ. ಕಾಣದಿದ್ದರೆ ‘ಶೋ ಅಡಿಷನಲ್ ಪ್ಲಾನ್ಸ್’ ಒತ್ತಿ. ಕೆಲವು ಮಿಷಿನ್‌ಗಳಲ್ಲಿ ‘ಅಲ್ಟಿಮೇಟ್ ಪರ್ಫಾರ್ಮೆನ್ಸ್’ ಅಂತಲೂ ಇರುತ್ತದೆ. 2018ರಲ್ಲಿ ವಿಂಡೋಸ್ 10ಕ್ಕೆ ಸೇರಿಸಿದ್ದು. ಇದ್ದರೆ ಹಾಕಿ, ಇಲ್ಲದಿದ್ದರೆ ಹುಡುಕಾಡಬೇಡಿ, ಹೈ ಪರ್ಫಾರ್ಮೆನ್ಸ್ ಸಾಕು. ನಂತರ ‘ಚೇಂಜ್ ಪ್ಲಾನ್ ಸೆಟ್ಟಿಂಗ್ಸ್’, ಅದರೊಳಗೆ ‘ಅಡ್ವಾನ್ಸ್ಡ್’. ‘ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್’ ಕೆಳಗೆ ‘ಮಿನಿಮಮ್ ಪ್ರೊಸೆಸರ್ ಸ್ಟೇಟ್’ ಇರುತ್ತದೆ. ಬ್ಯಾಲೆನ್ಸ್ಡ್‌ನಲ್ಲಿ ಅದು 5 ಪರ್ಸೆಂಟ್. ಅದನ್ನು 100 ಮಾಡಿ. ‘ಸಿಸ್ಟಮ್ ಕೂಲಿಂಗ್ ಪಾಲಿಸಿ’ ಆಕ್ಟಿವ್ ಇರಲಿ. ಇಲ್ಲದಿದ್ದರೆ ಬಿಸಿಯಾದಾಗ ಫ್ಯಾನ್ ಜೋರು ಮಾಡುವ ಬದಲು ಮೊದಲು ಪ್ರೊಸೆಸರನ್ನೇ ನಿಧಾನ ಮಾಡುತ್ತದೆ.

ಅದೇ ಕಿಟಕಿಯಲ್ಲಿ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಇದೆ. ಡಿಸೇಬಲ್ ಮಾಡಿ. ನಿಮ್ಮ ಇಂಟರ್‌ಫೇಸ್ ಯುಎಸ್‌ಬಿಯಲ್ಲಿ ತಾನೇ ಕೂತಿರೋದು? ಆ ಪೋರ್ಟ್‌ಗೇ ನಿದ್ದೆ ಬಂದರೆ ಪ್ರೊಸೆಸರ್ ಎಚ್ಚರವಿದ್ದು ಏನು ಪ್ರಯೋಜನ? ‘ಪಿಸಿಐ ಎಕ್ಸ್‌ಪ್ರೆಸ್’ ಕೆಳಗಿನ ‘ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್’ ಕೂಡ ಆಫ್.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಲೆನ್ಸ್ಡ್ ಬಿಟ್ಟು ಬೇರೆ ಪ್ಲಾನ್ ಕಾಣದೇ ಇರಬಹುದು. ಗಾಬರಿ ಬೇಡ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಪವರ್ ಅಂತ ಹೋಗಿ ‘ಪವರ್ ಮೋಡ್’ ಅನ್ನೋದನ್ನು ‘ಬೆಸ್ಟ್ ಪರ್ಫಾರ್ಮೆನ್ಸ್’ ಮಾಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ರೆಕಾರ್ಡ್ ಮಾಡಿ. ಬ್ಯಾಟರಿ ಮೇಲೆ ಓಡುವಾಗ ಎಷ್ಟು ಸೆಟ್ಟಿಂಗ್ ಕೊಟ್ಟರೂ ಅದು ತನ್ನ ಪಾಡಿಗೆ ವೇಗ ಇಳಿಸುತ್ತದೆ. ಶಿರಾ ಕಡೆ ಒಂದು ಭಜನಾ ಮಂದಿರದಲ್ಲಿ ರೆಕಾರ್ಡಿಂಗ್ ಮಾಡುವಾಗ ಯಾರೋ ಪುಣ್ಯಾತ್ಮರು ನನ್ನ ಚಾರ್ಜರ್ ಕಿತ್ತು ಮೊಬೈಲ್ ಚಾರ್ಜಿಗೆ ಹಾಕಿದ್ದರು. ಚಟಪಟ ಶುರುವಾದ ಮೇಲೇ ನನಗೆ ಗೊತ್ತಾಗಿದ್ದು. ಅವತ್ತಿನಿಂದ ಸ್ವಿಚ್‌ಬೋರ್ಡ್ ಮೇಲೆ ‘ಮುಟ್ಟಬೇಡಿ’ ಅಂತ ಚೀಟಿ ಅಂಟಿಸುತ್ತೇನೆ.

ಡೆಸ್ಕ್‌ಟಾಪ್‌ನಲ್ಲಿ ಇಷ್ಟು ಮಾಡಿದ್ದಕ್ಕೇ ಅರ್ಧ ಕೆಮ್ಮು ಹೋಯಿತು. ಹತ್ತು ನಿಮಿಷಕ್ಕೆ 14 ಇದ್ದ ಎಕ್ಸ್‌ರನ್ 6ಕ್ಕೆ ಇಳಿಯಿತು.

ಬಯಾಸ್ ಒಳಗೆ ಹೋಗಬೇಕಾ?

ಬಯಾಸ್ ಅಂದರೆ ವಿಂಡೋಸ್ ಶುರುವಾಗುವ ಮುಂಚೆ ತೆಗೆಯುವ, ಕಂಪ್ಯೂಟರಿನದೇ ಸೆಟ್ಟಿಂಗ್ ಪರದೆ. ಹೋಗದಿದ್ದರೆ ಒಳ್ಳೆಯದು. ಮೇಲಿನದು ಸಾಲದಿದ್ದರೆ ಮಾತ್ರ ಹೋಗಿ. ಹೋಗುವ ಮುಂಚೆ ಬಯಾಸ್‌ನ ಪ್ರತಿ ಪರದೆಯ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ.

ಅಲ್ಲಿ ನಮಗೆ ಬೇಕಾಗಿರೋದು ‘ಸಿ-ಸ್ಟೇಟ್ಸ್’. ಇದು ವೇಗ ಇಳಿಸುವ ವಿಷಯ ಅಲ್ಲ, ನಿಜವಾದ ನಿದ್ದೆ. ಸಿ1 ಅಂದರೆ ಕಣ್ಣು ಮುಚ್ಚಿದ ಹಾಗೆ, ತಕ್ಷಣ ಎಚ್ಚರ ಆಗುತ್ತದೆ. ಸಿ6 ಅಂದರೆ ಚಾಪೆ ಹಾಸಿ ಮಲಗಿದ ಹಾಗೆ. ಕೋರ್ ತನ್ನ ಕೈಯಲ್ಲಿದ್ದದ್ದನ್ನೆಲ್ಲ ಎತ್ತಿಟ್ಟು, ವೋಲ್ಟೇಜನ್ನೇ ತೆಗೆಸಿಕೊಳ್ಳುತ್ತದೆ. ಎದ್ದು ಮತ್ತೆ ಎಲ್ಲ ಜೋಡಿಸಿಕೊಂಡು ಕೆಲಸಕ್ಕೆ ನಿಲ್ಲಲು ಸಮಯ ಬೇಕು. ಒಂದು ಸಲದ ಲೆಕ್ಕದಲ್ಲಿ ಅದು ಮೈಕ್ರೋಸೆಕೆಂಡುಗಳಷ್ಟೇ. ಆದರೆ ಬಫರ್ 64ರಲ್ಲಿ ಕೂತವರಿಗೆ ಮೈಕ್ರೋಸೆಕೆಂಡೂ ದುಡ್ಡೇ.

ನಾನು ಡೆಸ್ಕ್‌ಟಾಪ್‌ನಲ್ಲಿ ಸಿ-ಸ್ಟೇಟ್ಸ್ ಡಿಸೇಬಲ್ ಮಾಡಿದೆ. ಎಎಮ್‌ಡಿ ಬೋರ್ಡ್‌ಗಳಲ್ಲಿ ಇದಕ್ಕೆ ‘ಗ್ಲೋಬಲ್ ಸಿ-ಸ್ಟೇಟ್ ಕಂಟ್ರೋಲ್’ ಅಂತ ಹೆಸರಿರುತ್ತದೆ. ಎಕ್ಸ್‌ರನ್ 6ರಿಂದ 4ಕ್ಕೆ ಬಂತು. ನಷ್ಟವೂ ಇದೆ. ಸುಮ್ನೆ ಇದ್ದಾಗಲೂ ಪ್ರೊಸೆಸರ್ ಆರೇಳು ಡಿಗ್ರಿ ಜಾಸ್ತಿ ಬಿಸಿ. ಇನ್ನೊಂದು ಜನಕ್ಕೆ ಗೊತ್ತಿಲ್ಲದ ವಿಷಯ: ಐ5-10400ಕ್ಕೆ 4.3 ಗಿಗಾಹರ್ಟ್ಸ್ ಟರ್ಬೋ (ಮಾಮೂಲಿಗಿಂತ ಹೆಚ್ಚಿನ ವೇಗ) ಅಂತ ಡಬ್ಬದ ಮೇಲೆ ಬರೆದಿರುತ್ತಾರಲ್ಲ, ಅದು ಉಳಿದ ಕೋರ್‌ಗಳು ಗಾಢ ನಿದ್ದೆಯಲ್ಲಿದ್ದಾಗ ಮಾತ್ರ ಸಿಗುವಂಥದ್ದು. ಎಲ್ಲ ಆರೂ ಎಚ್ಚರವಿದ್ದರೆ 4.0ಕ್ಕೆ ನಿಲ್ಲುತ್ತದೆ. ನನಗೆ ಅದೇ ಇಷ್ಟ. ಒಮ್ಮೆ 4.3, ಒಮ್ಮೆ 0.8 ಓಡುವ ಪ್ರೊಸೆಸರಿಗಿಂತ ಯಾವಾಗಲೂ 4.0 ಓಡುವುದು ಹಾಡಿಗೆ ವಾಸಿ. ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಸಿ-ಸ್ಟೇಟ್ ತಂಟೆಗೆ ಹೋಗಬೇಡಿ, ಬಿಸಿ ತಡೆಯಲ್ಲ.

ಹೈಪರ್‌ಥ್ರೆಡಿಂಗ್ (ಒಂದು ಕೋರ್ ಎರಡರ ಹಾಗೆ ಕೆಲಸ ಮಾಡುವ ವ್ಯವಸ್ಥೆ) ಆಫ್ ಮಾಡಿ ಅಂತ ಹಳಬರು ಹೇಳುತ್ತಾರೆ. ಮಾಡಿ ನೋಡಿದೆ, ನನಗೆ ನಷ್ಟವೇ ಆಯಿತು. ವಾಪಸ್ ಆನ್ ಮಾಡಿದೆ. ಸ್ಪೀಡ್‌ಸ್ಟೆಪ್ (ಪ್ರೊಸೆಸರ್ ವೇಗ ಏರಿಳಿಸುವ ವ್ಯವಸ್ಥೆ) ಆಫ್ ಮಾಡೋದರಿಂದಲೂ ಹೆಚ್ಚೇನೂ ಸಿಗಲಿಲ್ಲ. 2015ರ ಸ್ಕೈಲೇಕ್‌ನಿಂದ ಈಚೆಗೆ ಇಂಟೆಲ್ ಪ್ರೊಸೆಸರ್‌ಗಳು ವೇಗವನ್ನು ತಾವೇ ಬೇಗ ಬೇಗ ಏರಿಸಿಕೊಳ್ಳುತ್ತವೆ, ಜೊತೆಗೆ ಮಿನಿಮಮ್ ಸ್ಟೇಟ್ ಈಗಾಗಲೇ 100 ಮಾಡಿದ್ದೇವಲ್ಲ.

12ನೇ ತಲೆಮಾರಿನಿಂದ ಈಚಿನ ಇಂಟೆಲ್ ಕೊಂಡವರಿಗೆ ಒಂದು ಮಾತು. ಅದರಲ್ಲಿ ಬಹಳಷ್ಟು ಪ್ರೊಸೆಸರ್‌ಗಳಿಗೆ ಎರಡು ಥರದ ಕೋರ್. ಪಿ-ಕೋರ್ ದೊಡ್ಡವು, ಇ-ಕೋರ್ ಸಣ್ಣವು. ಹಾಡಿನ ಕೆಲಸ ಸಣ್ಣ ಕೋರ್‌ಗೆ ಬಿದ್ದರೆ ತಡವಾಗುತ್ತದೆ. ಕೆಲಸ ಹಂಚುವ ಬುದ್ಧಿ ವಿಂಡೋಸ್ 11ಕ್ಕೆ 10ಕ್ಕಿಂತ ಜಾಸ್ತಿ. ಮೊದಲು 11ಕ್ಕೆ ಬನ್ನಿ, ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ಇ-ಕೋರ್ ಆಫ್ ಮಾಡೋದು ಕೊನೆಯ ದಾರಿ.

ಮಧ್ಯದಲ್ಲಿ ಕರೆಯುವವರು

ಉಳಿದ 4 ಎಕ್ಸ್‌ರನ್ ಒಂದು ವಾರ ನನ್ನ ನಿದ್ದೆ ಕೆಡಿಸಿತು. ಕೊನೆಗೆ ಲೇಟೆನ್ಸಿಮಾನ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿದೆ. ಇದು ಪ್ರೊಸೆಸರನ್ನು ಯಾವ ಡ್ರೈವರ್ ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ ಅಂತ ತೋರಿಸುತ್ತದೆ. ವೈಫೈ, ಗ್ರಾಫಿಕ್ಸ್ ಕಾರ್ಡ್ ಇಂಥವುಗಳಿಗೂ ಒಂದೊಂದು ಡ್ರೈವರ್ ಇರುತ್ತದೆ. ಇವಕ್ಕೆ ವಿಂಡೋಸ್‌ನಲ್ಲಿ ಹಾಡಿಗಿಂತ ಮೇಲಿನ ಅಧಿಕಾರ. ಬಾಂಡ್ಲಿ ಹಿಡಿದ ಆಳನ್ನೂ “ಬಾ ಇಲ್ಲಿ” ಅಂತ ಕರೆದುಕೊಂಡು ಹೋಗಬಲ್ಲವು.

ಸ್ಟಾರ್ಟ್ ಒತ್ತಿ ಹತ್ತು ನಿಮಿಷ ಬಿಟ್ಟೆ. ಟೀ ಕುಡಿದು ಬಂದು ‘ಡ್ರೈವರ್ಸ್’ ಪುಟ ತೆಗೆದು, ಅತಿ ಹೆಚ್ಚು ಹೊತ್ತು ಹಿಡಿದವರು ಮೇಲೆ ಬರುವ ಹಾಗೆ ಜೋಡಿಸಿದೆ. ಮೊದಲ ಹೆಸರೇ ನೆಟ್‌ವರ್ಕಿನದ್ದು, ಅಂದರೆ ವೈಫೈ. ಒಂದು ಸಲ ಸುಮಾರು 2,000 ಮೈಕ್ರೋಸೆಕೆಂಡ್ ಹಿಡಿದಿತ್ತು. ಈಗ ಲೆಕ್ಕ ಹಾಕಿ. ಬಫರ್ 128ರಲ್ಲಿ ನನಗಿರುವ ಒಟ್ಟು ಸಮಯ 2,667 ಮೈಕ್ರೋಸೆಕೆಂಡ್. ಅದರಲ್ಲಿ 2,000 ವೈಫೈ ತಿಂದರೆ ಹಾಡಿಗೆ ಉಳಿಯೋದು 667. ಐ5 ಅಲ್ಲ, ಐ9 ಹಾಕಿದ್ದರೂ ಆ ಹೊತ್ತಿಗೆ ಕೈ ಸಾಲುತ್ತಿರಲಿಲ್ಲ. “ಐ7 ಹಾಕ್ಸಿ” ಅಂದವರ ಮಾತು ಕೇಳಿದ್ದರೆ ದುಡ್ಡೂ ಹೋಗುತ್ತಿತ್ತು, ಚಟ್ ಕೂಡ ಉಳಿಯುತ್ತಿತ್ತು.

ಡಿವೈಸ್ ಮ್ಯಾನೇಜರ್‌ಗೆ ಹೋಗಿ, ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ವೈಫೈ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಕೊಟ್ಟೆ. ಎಕ್ಸ್‌ರನ್ ಸೊನ್ನೆ. ಕೆಳಗೆ ಟಾಸ್ಕ್‌ಬಾರ್‌ನಲ್ಲಿ ವೈಫೈ ಕಡಿದರೆ ಸಾಲದು, ಡ್ರೈವರ್ ಇನ್ನೂ ಎಚ್ಚರವಾಗಿಯೇ ಇರುತ್ತದೆ. ಡಿಸೇಬಲ್‌ ಮಾಡಲೇಬೇಕು. ಆಮೇಲೆ ಕಾರ್ಡ್ ಕಂಪನಿಯ ಹೊಸ ಡ್ರೈವರ್ ಹಾಕಿದ್ದಕ್ಕೆ ತೊಂದರೆ ಬಹಳ ಕಡಿಮೆಯಾಯಿತು. ಆದರೂ ಟೇಕ್ ಸಮಯದಲ್ಲಿ ಈಗಲೂ ಡಿಸೇಬಲ್ ಮಾಡಿಯೇ ಇಡುತ್ತೇನೆ. ಎರಡು ಕ್ಲಿಕ್ ಕೆಲಸ, ಅಲ್ವಾ.

ನಿಮ್ಮ ಮಿಷಿನ್‌ನಲ್ಲಿ ಕಳ್ಳ ಬೇರೆ ಇರಬಹುದು. ಗ್ರಾಫಿಕ್ಸ್ ಡ್ರೈವರ್ ಅನ್ನೋದು ಇನ್ನೊಂದು ಮಾಮೂಲಿ ಹೆಸರು. ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ, ಪವರ್ ನೋಡಿಕೊಳ್ಳುವ ಎಸಿಪಿಐ ಡ್ರೈವರ್ ಕೂಡ ಕಾಟ ಕೊಡುತ್ತದೆ. ಆಂಟಿವೈರಸ್ ಪೂರ್ತಿ ತೆಗೆಯಬೇಡಿ. ಗಿರಾಕಿಗಳು ತರುವ ಪೆನ್‌ಡ್ರೈವ್‌ಗಳಲ್ಲಿ ಏನೇನಿರುತ್ತದೋ ದೇವರಿಗೇ ಗೊತ್ತು. ಪ್ಲಗಿನ್ (ದನಿ ತಿದ್ದಲು ರೀಪರ್‌ಗೆ ಸೇರಿಸುವ ಕಿರು ಸಾಫ್ಟ್‌ವೇರ್) ಮತ್ತು ಪ್ರಾಜೆಕ್ಟ್ ಫೋಲ್ಡರ್‌ಗಳನ್ನು ಮಾತ್ರ ಅದರ ‘ಎಕ್ಸ್‌ಕ್ಲೂಷನ್’ ಪಟ್ಟಿಗೆ ಸೇರಿಸಿ.

‘ಪ್ರೊಸೆಸರ್ ಶೆಡ್ಯೂಲಿಂಗ್’ ಅನ್ನು ‘ಬ್ಯಾಕ್‌ಗ್ರೌಂಡ್ ಸರ್ವೀಸಸ್’ ಮಾಡಿ ಅನ್ನೋ ಸಲಹೆ ಎಲ್ಲ ಕಡೆ ಸಿಗುತ್ತದೆ. ಮಾಡಿದೆ. ವ್ಯತ್ಯಾಸ ಕಾಣಲಿಲ್ಲ. ಮಾಡಿದರೆ ಕೆಡುಕೇನೂ ಇಲ್ಲ.

ನಮ್ಮೂರ ಬೇಸಿಗೆ

ನಮ್ಮದು ಆರ್‌ಸಿಸಿ ತಾರಸಿ ಕೆಳಗಿನ ರೂಮು. ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ಒಲೆ ಥರ. ಟೇಕ್ ತೆಗೆಯುವಾಗ ಫ್ಯಾನ್ ಹಾಕುವ ಹಾಗಿಲ್ಲ, ಮೈಕ್‌ಗೆ ಗಾಳಿ ಹೊಡೆಯುತ್ತದೆ. ಕಿಟಕಿ ತೆಗೆಯುವ ಹಾಗಿಲ್ಲ. ಹಾಡುವವರಿಗೂ ಬೆವರು, ಪ್ರೊಸೆಸರಿಗೂ ಬೆವರು. ಇಂಟೆಲ್‌ನ ಬಹಳಷ್ಟು ಪ್ರೊಸೆಸರ್‌ಗಳು 100 ಡಿಗ್ರಿ ಮುಟ್ಟಿದರೆ ತಮ್ಮನ್ನು ಉಳಿಸಿಕೊಳ್ಳಲು ವೇಗ ತಾವೇ ಇಳಿಸಿಕೊಳ್ಳುತ್ತವೆ. ಅದು ಆಗೋದು ಟೇಕ್ ಮಧ್ಯದಲ್ಲೇ.

ಬಿಸಿ ಎಷ್ಟಿದೆ ಅಂತ ಎಚ್‌ಡಬ್ಲ್ಯುಇನ್ಫೋ ಥರದ ಯಾವುದಾದರೂ ಉಚಿತ ಸಾಫ್ಟ್‌ವೇರಿನಲ್ಲಿ ನೋಡಬಹುದು. ನನ್ನ ಲ್ಯಾಪ್‌ಟಾಪ್ 97 ತೋರಿಸುತ್ತಿತ್ತು. ಬಿಚ್ಚಿಸಿ ನೋಡಿದರೆ ಫ್ಯಾನಿನ ಬಾಯಿಗೆ ಧೂಳು ಕಂಬಳಿ ಹೊದಿಸಿದ ಹಾಗೆ ಕೂತಿತ್ತು. ಊದಿಸಿ, ಥರ್ಮಲ್ ಪೇಸ್ಟ್ ಬದಲಿಸಿದ ಮೇಲೆ 84. ಹಿಂದಗಡೆ ಎರಡು ಮರದ ತುಂಡು ಕೊಟ್ಟು ಎತ್ತರ ಮಾಡಿದ್ದಕ್ಕೆ ಇನ್ನೂ ಮೂರು ಡಿಗ್ರಿ ಇಳಿಯಿತು. ಹಾಸಿಗೆ ಮೇಲೆ, ದಿಂಬಿನ ಮೇಲೆ ಇಟ್ಟುಕೊಂಡು ಮಿಕ್ಸಿಂಗ್ ಮಾಡುವವರಿಗೆ ನಾನೇನೂ ಹೇಳಲ್ಲ.

ಇಷ್ಟಾದರೂ ಬಿಸಿ ಇಳಿಯದಿದ್ದರೆ ಒಂದು ಉಪಾಯ ಇದೆ. ಅದೇ ಪವರ್ ಆಪ್ಷನ್ಸ್‌ನಲ್ಲಿ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ ಅನ್ನು 100ರಿಂದ 99 ಮಾಡಿ. ಒಂದೇ ಪರ್ಸೆಂಟ್ ಅನ್ನಿಸುತ್ತದೆ, ಆದರೆ ಬಹುತೇಕ ಇಂಟೆಲ್ ಮಿಷಿನ್‌ಗಳಲ್ಲಿ ಇದರಿಂದ ಟರ್ಬೋ ಪೂರ್ತಿ ನಿಲ್ಲುತ್ತದೆ. ನನ್ನ ಐ5 ಆದರೆ 2.9ರಲ್ಲಿ ನಿಲ್ಲುತ್ತದೆ. ವೇಗ ಕಡಿಮೆ, ಆದರೆ ಏರಿಳಿತ ಇಲ್ಲ. ಬೇಸಿಗೆಯಲ್ಲಿ ಲ್ಯಾಪ್‌ಟಾಪ್‌ಗೆ ಇದನ್ನೇ ಮಾಡುತ್ತೇನೆ. ನಾಲ್ಕು ಟ್ರ್ಯಾಕ್ ಭಜನೆಗೆ ಟರ್ಬೋ ಇಲ್ಲದ ವೇಗವೇ ಧಾರಾಳ.

ರೀಪರ್ ಒಳಗೆ

ಬಫರ್ ಒಂದೇ ಅಳತೆಗೆ ಇಟ್ಟು ಮರೆಯಬೇಡಿ. ಹಾಡಿಸುವಾಗ 128, ಮಿಕ್ಸ್ ಮಾಡುವಾಗ 1024. ಮಿಕ್ಸಿಂಗ್‌ನಲ್ಲಿ ಪ್ಲೇ ಒತ್ತಿದ 21 ಮಿಲಿಸೆಕೆಂಡ್ ಆದ ಮೇಲೆ ಸದ್ದು ಬಂದರೆ ಯಾರಿಗೆ ನಷ್ಟ? ಹಾಡಿಸುವಾಗ ಮಾತ್ರ ತಡ ಕಡಿಮೆ ಇರಬೇಕು.

ಎಷ್ಟು ಕಡಿಮೆ? ಇಲ್ಲಿ ನಾಟಕದವರಿಂದ ನಾನೊಂದು ಕಲಿತೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ 10 ಮಿಲಿಸೆಕೆಂಡಿಗೆ ಹನ್ನೊಂದು ಅಡಿ. ರಂಗದ ಮುಂದೆ ಹಾರ್ಮೋನಿಯಂ ಮೇಷ್ಟ್ರು ಕೂತಿರುತ್ತಾರೆ, ಹಿಂದೆ ಸಿಂಹಾಸನದ ಹತ್ತಿರ ದುರ್ಯೋಧನ ನಿಂತಿರುತ್ತಾನೆ. ನಡುವೆ ಹದಿನೈದು ಅಡಿ ಇದ್ದೇ ಇರುತ್ತದೆ. ಅಂದರೆ ಅವರು ಮೂವತ್ತು ವರ್ಷದಿಂದ 13 ಮಿಲಿಸೆಕೆಂಡ್ ತಡದಲ್ಲೇ ಶ್ರುತಿ ಹಿಡಿದು ಹಾಡುತ್ತಿದ್ದಾರೆ! ಹಿಮ್ಮೇಳ 10 ಮಿಲಿಸೆಕೆಂಡ್ ತಡವಾದರೆ ಅವರಿಗೆ ಲೆಕ್ಕಕ್ಕೇ ಇಲ್ಲ. ತಮ್ಮದೇ ದನಿ ಹೆಡ್‌ಫೋನಿನಲ್ಲಿ ತಡವಾಗಿ ಬಂದರೆ ಮಾತ್ರ ಡಬ್ಬದೊಳಗೆ ಹಾಡಿದ ಹಾಗೆ ಅನ್ನಿಸಿ ಮುಖ ಸಿಂಡರಿಸುತ್ತಾರೆ. ಅದಕ್ಕೆ ಮದ್ದು ಬಫರ್ 32 ಮಾಡೋದಲ್ಲ. ಇಂಟರ್‌ಫೇಸ್ ಮೇಲೆ ‘ಡೈರೆಕ್ಟ್ ಮಾನಿಟರ್’ ಗುಂಡಿ ಇರುತ್ತದೆ. ಒತ್ತಿ. ಅವರ ದನಿ ಕಂಪ್ಯೂಟರಿಗೆ ಹೋಗಿ ಬರುವುದನ್ನು ಕಾಯದೆ ಸೀದಾ ಕಿವಿಗೆ ಬರುತ್ತದೆ. ಆಗ ಬಫರ್ 256 ಇಟ್ಟರೂ ನಡೆಯುತ್ತದೆ. ನಾನು ಇದನ್ನು ಮೊದಲೇ ಮಾಡಿದ್ದರೆ ಅವತ್ತು ಕಷಾಯದ ಮಾತು ಕೇಳುವ ಪ್ರಸಂಗವೇ ಬರುತ್ತಿರಲಿಲ್ಲವೇನೋ.

ಇನ್ನು ಪ್ಲಗಿನ್‌ಗಳು. ಒಂದು ಟ್ರ್ಯಾಕ್ ಮೇಲೆ ಸಾಲಾಗಿ ಇಟ್ಟ ಪ್ಲಗಿನ್‌ಗಳು ಒಂದರ ನಂತರ ಒಂದು ನಡೆಯಬೇಕು. ದನಿಯ ತೆಳು-ದಪ್ಪ ತಿದ್ದುವ ಈಕ್ಯೂ ಮುಗಿಯದೆ, ದನಿಯ ಏರಿಳಿತ ತಗ್ಗಿಸುವ ಕಂಪ್ರೆಸರ್ ಶುರುವಾಗಲ್ಲ, ಕಂಪ್ರೆಸರ್ ಮುಗಿಯದೆ ಮಾರ್ದನಿ ಸೇರಿಸುವ ರಿವರ್ಬ್ ಇಲ್ಲ. ಆರು ಕೋರ್ ಇದ್ದರೂ ಆ ಸಾಲನ್ನು ಹಂಚಿಕೊಳ್ಳಲು ಆಗಲ್ಲ. ಹಾಗಾಗಿ ಹತ್ತು ಟ್ರ್ಯಾಕ್‌ಗೆ ಎರಡೆರಡು ಪ್ಲಗಿನ್ ಹಾಕಿದರೆ ಹಗುರ, ಒಂದೇ ಟ್ರ್ಯಾಕ್‌ಗೆ ಇಪ್ಪತ್ತು ಹಾಕಿದರೆ ಭಾರ. ಎಲ್ಲ ಟ್ರ್ಯಾಕ್‌ಗಳೂ ಬಂದು ಸೇರುವ ಮಾಸ್ಟರ್ ಮೇಲೆ ಹಾಕುವವಂತೂ ಎಲ್ಲರಿಗಿಂತ ಕೊನೆಗೆ, ಎಲ್ಲರೂ ಮುಗಿಸುವುದನ್ನು ಕಾದು ನಡೆಯುತ್ತವೆ. ನನ್ನ ಹಳೇ ಅಭ್ಯಾಸ ಏನಿತ್ತು ಗೊತ್ತಾ? ರೆಕಾರ್ಡಿಂಗ್ ಶುರು ಮಾಡುವಾಗಲೇ ಮಾಸ್ಟರ್ ಮೇಲೆ ಲಿನಿಯರ್ ಫೇಸ್ ಈಕ್ಯೂ, ಓವರ್‌ಸ್ಯಾಂಪಲಿಂಗ್ ಹಾಕಿದ ಲಿಮಿಟರ್, ಎರಡೂ ಪ್ರೊಸೆಸರಿಗೆ ಭಾರದ ಪ್ಲಗಿನ್‌ಗಳೇ. ಗಿರಾಕಿಗೆ ಕೇಳಿದ ಕೂಡಲೇ ‘ಭಾರಿ’ ಅನ್ನಿಸಲಿ ಅಂತ. ಅದನ್ನು ತೆಗೆದ ದಿನ ಆರ್‌ಟಿ ಸಿಪಿಯು 61ರಿಂದ 22ಕ್ಕೆ ಇಳಿಯಿತು. ಈಗ ಮಾಸ್ಟರ್ ಖಾಲಿ ಇಟ್ಟೇ ಹಾಡಿಸುತ್ತೇನೆ.

ರೀಪರ್‌ನ ಪ್ರಿಫರೆನ್ಸಸ್‌ನಲ್ಲಿ ಆಡಿಯೋ, ಬಫರಿಂಗ್ ಕೆಳಗೆ ‘ಆಂಟಿಸಿಪೇಟಿವ್ ಎಫ್‌ಎಕ್ಸ್’ ಇದೆ. ಮೊದಲೇ ರೆಕಾರ್ಡ್ ಆದ ಟ್ರ್ಯಾಕ್‌ಗಳ ಕೆಲಸವನ್ನು ಇದು ಸ್ವಲ್ಪ ಮುಂಚಿತವಾಗಿ ಮುಗಿಸಿಟ್ಟುಕೊಳ್ಳುತ್ತದೆ. ಆನ್ ಇರಲಿ. ಆದರೆ ಈಗ ಹಾಡುತ್ತಿರುವ ಟ್ರ್ಯಾಕ್‌ಗೆ ಇದು ನಡೆಯಲ್ಲ. ಇನ್ನೂ ಬಾಯಿಂದ ಬರದ ದನಿಗೆ ಮುಂಚೆಯೇ ರಿವರ್ಬ್ ಹಾಕಿಡಲು ಆಗುತ್ತಾ? ಅದಕ್ಕೇ ರೆಕಾರ್ಡ್ ಆಗುತ್ತಿರುವ ಟ್ರ್ಯಾಕ್ ಮೇಲೆ ಭಾರದ ಪ್ಲಗಿನ್ ಇಡಬೇಡಿ. ಕ್ಯೂಬೇಸ್‌ನಲ್ಲಿ ಇದೇ ಥರದ್ದಕ್ಕೆ ಏಸಿಯೋ-ಗಾರ್ಡ್ ಅಂತಾರೆ. ಮುಗಿದ ಟ್ರ್ಯಾಕ್‌ಗಳನ್ನು ಫ್ರೀಜ್ ಮಾಡಿ: ಟ್ರ್ಯಾಕ್ ಮೇಲೆ ರೈಟ್ ಕ್ಲಿಕ್, ‘ರೆಂಡರ್/ಫ್ರೀಜ್ ಟ್ರ್ಯಾಕ್ಸ್’. ಪ್ಲಗಿನ್ ಕೆಲಸ ಆಡಿಯೋ ಫೈಲ್ ಆಗಿ ಕೂರುತ್ತದೆ. ಬೇಕಾದಾಗ ಅನ್‌ಫ್ರೀಜ್ ಮಾಡಬಹುದು.

96 ಕಿಲೋಹರ್ಟ್ಸ್ ಬೇಡ. ಪ್ರೊಸೆಸರಿಗೆ ಎರಡು ಪಟ್ಟು ಕೆಲಸ. ಕೊನೆಗೆ ಆ ಹಾಡು ಕೇಳೋದು ಟ್ರ್ಯಾಕ್ಟರಿನ ಸ್ಪೀಕರಿನಲ್ಲಿ.

ಒಂದು ವಿಚಿತ್ರ ಕಾಟದ ಬಗ್ಗೆ ಹೇಳದಿದ್ದರೆ ಮನಸ್ಸಿಗೆ ಸಮಾಧಾನ ಇಲ್ಲ. ಒಂದು ತತ್ವಪದದ ಪ್ರಾಜೆಕ್ಟ್. ಹಾಡು ನಡೆಯುವಾಗ ಆರ್‌ಟಿ ಸಿಪಿಯು 20. ಹಾಡು ಮುಗಿದು ಎಲ್ಲ ನಿಶ್ಶಬ್ದ ಆದ ಮೇಲೆ 70! ಕೆಲಸ ಇಲ್ಲದಾಗ ಸುಸ್ತಾಗುವ ಆಳನ್ನು ನಾನು ನೋಡಿದ್ದು ಅದೇ ಮೊದಲು. ತಂಬೂರಿ ಟ್ರ್ಯಾಕ್ ಮೇಲಿದ್ದ ಒಂದು ಹಳೇ ಉಚಿತ ರಿವರ್ಬ್ ಕಾರಣ. ರಿವರ್ಬ್‌ನ ಬಾಲ ಸಣ್ಣಗಾಗುತ್ತಾ, ಸಣ್ಣಗಾಗುತ್ತಾ ಹೋಗುತ್ತದೆ, ಪೂರ್ತಿ ಸೊನ್ನೆ ಆಗಲ್ಲ. ಪಾಯಿಂಟ್ ಆದ ಮೇಲೆ 37 ಸೊನ್ನೆ ದಾಟಿದಷ್ಟು ಚಿಕ್ಕ ಸಂಖ್ಯೆಗಳಿಗೆ ಡಿನಾರ್ಮಲ್ ಅಂತ ಹೆಸರು. ಇವನ್ನು ಲೆಕ್ಕ ಹಾಕಲು ಪ್ರೊಸೆಸರ್ ಮಾಮೂಲಿ ದಾರಿ ಬಿಟ್ಟು ಬಹಳ ನಿಧಾನದ ದಾರಿ ಹಿಡಿಯುತ್ತದೆ. ಈಗಿನ ಒಳ್ಳೆಯ ಪ್ಲಗಿನ್‌ಗಳು ಇಂಥ ಸಂಖ್ಯೆಯನ್ನು ಸೊನ್ನೆ ಅಂತಲೇ ತಿಳಿದು ಮುಂದೆ ಹೋಗುತ್ತವೆ. ಹಳೆಯದಕ್ಕೆ ಆ ಬುದ್ಧಿ ಇರಲಿಲ್ಲ. ರಿವರ್ಬ್ ಬದಲಿಸಿದೆ, ಮುಗಿಯಿತು. ನಿಮ್ಮಲ್ಲೂ ಹಾಡು ನಿಂತ ಮೇಲೆ ಸಿಪಿಯು ಏರಿದರೆ ಮೊದಲು ಹಳೇ ರಿವರ್ಬ್, ಡಿಲೇಗಳನ್ನು ಅನುಮಾನಿಸಿ.

ಹಾಡುವವರು ಬರುವ ಮುಂಚೆ

ಈಗ ಗಿರಾಕಿ ಬರುವ ಅರ್ಧ ಗಂಟೆ ಮುಂಚೆ ಕಂಪ್ಯೂಟರ್ ಹಾಕುತ್ತೇನೆ. ಹಾಕಿದ ಕೂಡಲೇ ವಿಂಡೋಸ್ ಅಪ್‌ಡೇಟ್, ಅದು ಇದು ಅಂತ ಹತ್ತು ನಿಮಿಷ ಒದ್ದಾಡುತ್ತದೆ, ಒದ್ದಾಡಲಿ. ಆಮೇಲೆ ವೈಫೈ ಡಿಸೇಬಲ್. ಬ್ರೌಸರ್ ಮುಚ್ಚುತ್ತೇನೆ. ಬಫರ್ 128. ಅವತ್ತು ಬೇಕಾಗುವಷ್ಟೂ ಟ್ರ್ಯಾಕ್ ತೆರೆದು, ಖಾಲಿ ರೂಮನ್ನೇ ಹತ್ತು ನಿಮಿಷ ರೆಕಾರ್ಡ್ ಮಾಡಿ ಎಕ್ಸ್‌ರನ್ ನೋಡುತ್ತೇನೆ. ಸೊನ್ನೆ ಇದ್ದರೆ ಮುಂದೆ. ಒಂದು ಬಂದರೂ ಬಫರ್ 256, ಹೇಗೂ ಡೈರೆಕ್ಟ್ ಮಾನಿಟರ್ ಇದೆ.

ಸಂಕ್ರಾಂತಿ ಆದ ಮೇಲೆ ಗುಬ್ಬಿ ಕಡೆಯವರು ಮತ್ತೆ ಬಂದರು. ದುರ್ಯೋಧನ ಒಳಗೆ ಬರುತ್ತಲೇ, “ಏನಪ್ಪಾ, ಕೆಮ್ಮು ವಾಸಿ ಆಯ್ತಾ?” ಅಂತ ಕೇಳಿದರು. ಅದೇ ಕಂದಪದ್ಯ, ಅದೇ ಷಡ್ಜ. ಎಕ್ಸ್‌ರನ್ ಸೊನ್ನೆ, ಒಂದು ಚಟ್ ಇಲ್ಲ. ಷಡ್ಜದ ಮೇಲೆ ಅವರು ಪೂರ್ತಿ ನಿಂತಿದ್ದಾಗ ರೈಲು ಬಂತು. ಇನ್ನೊಂದು ಟೇಕ್ ತೆಗೆದುಕೊಂಡೆವು.